ಇತ್ತ್ ಎಂದರೆ ಇದೆ

ಮಾಷ್ಟ್ರು ನನ್ನ ಕೋಣೆಗೆ ಮೊದಲ ಸಲ ಬಂದದ್ದು ಪಾರ್ಶ್ವವಾಯು ಬಡಿದ ಹತ್ತೊಂಬತ್ತನೆಯ ದಿನ. ಗಾಲಿಕುರ್ಚಿಯನ್ನು ಎಡಗೈಯಿಂದ ಪಕ್ಕಕ್ಕೆ ತಳ್ಳಿ, ಹೆಂಡತಿಯ ಹೆಗಲು ಹಿಡಿದು, ಬಲಗಾಲನ್ನು ಸ್ವಲ್ಪ ಎಳೆಯುತ್ತ ನಡೆದೇ ಬಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಜೇಬಿನಲ್ಲಿ ಒಂದು ನೀಲಿ ಪೆನ್ನು, ಒಂದು ಕೆಂಪು. ಹೈಸ್ಕೂಲಿನಲ್ಲಿ ಮೂವತ್ತೆಂಟು ವರ್ಷ ಕನ್ನಡ ಕಲಿಸಿ ನಿವೃತ್ತರಾಗಿ ಮೂರು ವರ್ಷವಾಗಿತ್ತು. ಕೆಂಪು ಪೆನ್ನು ಮಾತ್ರ ಇನ್ನೂ ನಿವೃತ್ತವಾಗಿರಲಿಲ್ಲ.

ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯ ಮೊದಲ ಮಹಡಿಯಲ್ಲಿ, ಫಿಸಿಯೋಥೆರಪಿ ವಿಭಾಗದ ಪಕ್ಕದಲ್ಲಿ ನನ್ನ ಕೋಣೆ. ನಾನು ವಾಕ್ ಚಿಕಿತ್ಸಕಿ. ಜನರ ಬಾಯಲ್ಲಿ ‘ಸ್ಪೀಚ್ ಮೇಡಂ’. ಮಾತು ತಡವಾದ ಮಕ್ಕಳು, ಉಗ್ಗುವವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ನನ್ನ ಹತ್ತಿರ ಬರುತ್ತಾರೆ. ಮಾಷ್ಟ್ರ ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿತ್ತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದದ್ದೂ ಒಳಗೆ ಇರುತ್ತಿತ್ತು. ಪದ ನಾಲಗೆಗೆ ಬರುತ್ತಿರಲಿಲ್ಲ, ಅಷ್ಟೇ.

ಪರೀಕ್ಷೆ ಶುರು ಮಾಡಿದೆ. ಒಂದರಿಂದ ಹತ್ತು ಎಣಿಸಲು ಹೇಳಿದಾಗ ಏಳರವರೆಗೆ ಹೋಗಿ ನಿಂತರು. ವಾರಗಳನ್ನು ನಾನು ‘ಸೋಮವಾರ’ ಎಂದು ಎತ್ತಿಕೊಟ್ಟ ಮೇಲೆ ಗುರುವಾರದವರೆಗೆ ಹೇಳಿದರು. ‘ಪೆನ್ನು ಮುಟ್ಟಿ, ಆಮೇಲೆ ಬಾಗಿಲು ತೋರಿಸಿ’ ಎಂದರೆ ತಪ್ಪಿಲ್ಲದೆ ಮಾಡಿದರು. ಕೊನೆಗೆ ಚಿತ್ರದ ಕಾರ್ಡುಗಳು. ಮೈಸೂರಿನಲ್ಲಿ ಓದುವಾಗಿನಿಂದ ನನ್ನ ಜೊತೆಗಿರುವ ಮೂವತ್ತು ಕಾರ್ಡುಗಳವು. ಪ್ರತಿಯೊಂದರ ಹಿಂದೆ ಒಂದೇ ಉತ್ತರ ಅಚ್ಚಾಗಿದೆ. ಹತ್ತು ಸೆಕೆಂಡಿನೊಳಗೆ ಹೇಳಿದರೆ ಎರಡು ಅಂಕ, ಮೊದಲ ಅಕ್ಷರ ಎತ್ತಿಕೊಟ್ಟ ಮೇಲೆ ಹೇಳಿದರೆ ಒಂದು, ಇಲ್ಲದಿದ್ದರೆ ಸೊನ್ನೆ.

ಹನ್ನೊಂದನೆಯ ಕಾರ್ಡು ಪೊರಕೆಯದು. ಮಾಷ್ಟ್ರು ಅದನ್ನು ನೋಡಿ "ಹಿ... ಹಿಡ್..." ಎಂದರು. ಥಟ್ಟನೆ ಬಾಯಿ ಮುಚ್ಚಿ ತಲೆ ಕೊಡವಿದರು. ಬೇರೆ ಪದ ಹುಡುಕುವವರಂತೆ ಕಣ್ಣು ಮೇಲೆ ಮಾಡಿ ಕುಳಿತರು. ನಾನು "ಪೊ..." ಎಂದು ಎತ್ತಿಕೊಟ್ಟೆ. "ಪೊ... ಪೊ..." ಎಂದರು, ಮುಂದೆ ಬರಲಿಲ್ಲ. ಸೊನ್ನೆ ಹಾಕಿದೆ. ಪಕ್ಕದಲ್ಲಿ ‘ಸಂಬಂಧವಿಲ್ಲದ ಧ್ವನಿ’ ಎಂದು ಬರೆದೆ. ಮೂವತ್ತರಲ್ಲಿ ಐದು ಕಾರ್ಡು ಅವರಿಗೆ ಬಂದವು.

ನಮ್ಮ ಕಡೆ ಪೊರಕೆಗೆ ಹಿಡ್ಸುಡಿ ಎನ್ನುತ್ತಾರೆ. ನಾನು ಹುಟ್ಟಿದ್ದು ಬೈಂದೂರಿನ ಹತ್ತಿರದ ಹಳ್ಳಿಯಲ್ಲಿ. ಅಮ್ಮ ದಿನವೂ ಹಿಡ್ಸುಡಿಯಲ್ಲೇ ಅಂಗಳ ಗುಡಿಸುವುದನ್ನು ನೋಡುತ್ತ ಬೆಳೆದವಳು. ಆದರೂ ಆ ‘ಹಿಡ್’ ನನಗೆ ಸಂಬಂಧವಿಲ್ಲದ ಧ್ವನಿಯಾಗಿ ಕೇಳಿತು. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅದಕ್ಕೊಂದು ಹಿನ್ನೆಲೆ ಇದೆ. ಮೈಸೂರಿಗೆ ಓದಲು ಹೋದ ಮೊದಲ ತಿಂಗಳಿನಲ್ಲಿ, ಪುಟ್ಟ ಮಗುವೊಂದನ್ನು ಎದುರು ಕೂರಿಸಿಕೊಂಡು ಇಡೀ ತರಗತಿಯ ಮುಂದೆ ಮಾತಾಡಿಸಬೇಕಿತ್ತು. ನಾನು ಚಿತ್ರ ತೋರಿಸಿ "ಎಂತ ಕಾಂತ್?" ಎಂದು ಕೇಳಿದೆ. ಏನು ಕಾಣಿಸುತ್ತಿದೆ ಎಂದು ಕೇಳಿದ್ದು. ಮಗು ಸುಮ್ಮನಿತ್ತು. ತರಗತಿಯೆಲ್ಲ ನಕ್ಕಿತು. ಕೆಟ್ಟ ನಗುವೇನಲ್ಲ, ಅವರು ಆ ಮಾತನ್ನು ಮೊದಲು ಕೇಳಿರಲಿಲ್ಲ. ಆದರೆ ಅಲ್ಲಿಂದ ಎರಡು ವರ್ಷ ಹಾಸ್ಟೆಲಿನಲ್ಲಿ ನನ್ನ ಹೆಸರೇ ‘ಎಂತಕಾಂತ್’ ಆಯಿತು. ಕನ್ನಡಿಯ ಎದುರು ನಿಂತು ‘ಬರುತ್ತೇನೆ, ಹೋಗುತ್ತೇನೆ, ಮಾಡಬೇಕು’ ಎಂದು ಉರು ಹೊಡೆದೆ. ಊರಿಗೆ ವಾಪಸು ಬಂದು ಕೆಲಸಕ್ಕೆ ಸೇರಿದಾಗ ಬಿಳಿ ಕೋಟಿನ ಜೊತೆ ಆ ಮಾತೂ ತಾನಾಗಿ ಮೈಮೇಲೆ ಬಂದು ಕೂರುತ್ತಿತ್ತು. ಆಸ್ಪತ್ರೆಯಲ್ಲಿ ಯಾರೂ ನನ್ನನ್ನು ಈ ಕಡೆಯವಳೆಂದು ತಿಳಿದಿರಲಿಲ್ಲ. ನಾನೂ ಹೇಳಿರಲಿಲ್ಲ.

ಕಿವಿ ಮಾತ್ರ ಬದಲಾಗಿರಲಿಲ್ಲ. ವಾರ್ಡಿನಲ್ಲಿ ಯಾರು ಬಾಯಿ ತೆರೆದರೂ ಅವರ ಊರನ್ನು ಗೊತ್ತುಮಾಡುವುದು ನನಗೆ ಅಭ್ಯಾಸ. ಬ್ರಹ್ಮಾವರದ ನರ್ಸಿನ ಕನ್ನಡದಲ್ಲಿ ತುಳುವಿನ ರಾಗ ಇಣುಕುತ್ತಿತ್ತು. ಡ್ಯೂಟಿ ಡಾಕ್ಟರು ಕೋಲಾರದ ಕಡೆಯ ಹುಡುಗ. ಪ್ರತಿ ವಾಕ್ಯವನ್ನೂ ಕೊನೆಯಲ್ಲಿ ಸ್ವಲ್ಪ ಎಳೆದು, ಸಮಾಧಾನ ಮಾಡುವ ಹಾಗೆ ಮಾತಾಡುತ್ತಿದ್ದರು. ಅವರೆಲ್ಲರ ಮಾತೂ ನನಗೆ ಚೆಂದವೇ ಕೇಳುತ್ತಿತ್ತು. ನನ್ನದನ್ನು ಮಾತ್ರ ಮಡಚಿ ಇಟ್ಟಿದ್ದೆ.

ಮಾಷ್ಟ್ರಿಗೆ ವಾರಕ್ಕೆ ಮೂರು ದಿನ, ನಲವತ್ತು ನಿಮಿಷ. ಹತ್ತು ಪದಗಳ ಗುರಿ ಇಟ್ಟುಕೊಂಡೆ. ನೀರು, ಅನ್ನ, ಹಾಲು, ಔಷಧಿ, ಬಾಗಿಲು, ಹೀಗೆ. ಮೊದಲು ನಾನು ಹೇಳುವುದು, ಆಮೇಲೆ ಇಬ್ಬರೂ ಒಟ್ಟಿಗೆ, ಆಮೇಲೆ ಅವರೊಬ್ಬರೇ. ಎಡಗೈಯಿಂದ ಮೇಜಿನ ಮೇಲೆ ತಾಳ ಹಾಕಿಸುತ್ತಿದ್ದೆ. ತಾಳದ ಜೊತೆ ಕೆಲವರಿಗೆ ಪದ ಹೊರಗೆ ಬರುತ್ತದೆ. ಎರಡನೆಯ ವಾರ ‘ನೀರು’ ಬಂತು. ಮೂರನೆಯ ವಾರವೂ ನೀರೇ. ‘ನೀರು ಕುಡಿಯಬೇಕು’ ಎಂಬುದಕ್ಕೆ ಹದಿನೈದು ದಿನ ಹಾಕಿದೆ. ‘ಕುಡಿ’ಯವರೆಗೆ ಬಂದು ಉಸಿರು ಕಟ್ಟಿದವರ ಹಾಗೆ ನಿಂತುಬಿಡುತ್ತಿದ್ದರು.

ಅವರ ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದರು. ಒಂದು ದಿನ ಹೊರಡುವಾಗ ಹೇಳಿದರು:

"ಇವ್ರ್ ಮನಿಲೂ ಪುಸ್ತಕದ್ ಕನ್ನಡವೇ ಮಾತಾಡುದ್ ಮೇಡಂ. ತರ್ಕಾರಿ ಅಂಗ್ಡಿಲೂ ‘ಬೆಲೆ ಎಷ್ಟಾಗುತ್ತದೆ’ ಅಂಬ್ರ್. ನಾನ್ ನಮ್ಮ ಮಾತಲ್ ಕೇಂಡ್ರೆ ಪುಸ್ತಕದ್ ಮಾತಲ್ ಉತ್ರ ಕೊಡ್ತ್ರ್. ಮೂವತ್ತಾರ್ ವರ್ಷ ಹಾಂಗೇ ಸಂಸಾರ ಮಾಡಿತ್ ನಾವ್."

ಮಾಷ್ಟ್ರು ತುಟಿಯ ಒಂದು ಕಡೆಯಲ್ಲಿ ನಕ್ಕರು. ಇನ್ನೊಂದು ಕಡೆ ಆಗ ಏಳುತ್ತಿರಲಿಲ್ಲ.

ಆರನೆಯ ವಾರ ಆ ಘಟನೆ ನಡೆಯಿತು. ಬಲಗೈಗೆ ಶಕ್ತಿ ಬರಲೆಂದು ಫಿಸಿಯೋಥೆರಪಿಯಲ್ಲಿ ಹಗ್ಗ ಎಳೆಯುವ ವ್ಯಾಯಾಮ ಕೊಟ್ಟಿದ್ದರು. ನನ್ನ ಪಾಠದ ನಡುವೆ ಡ್ಯೂಟಿ ಡಾಕ್ಟರು ಒಳಗೆ ಬಂದು, ಬಲ ಹೆಗಲು ಮುಟ್ಟಿ ಕೇಳಿದರು: "ನೋವಿದೆಯಾ ಸರ್?"

ಮಾಷ್ಟ್ರ ಮುಖ ಸಣ್ಣಗಾಯಿತು. "ಇತ್ತ್," ಎಂದರು.

"ಇತ್ತಾ? ಈಗ ಕಮ್ಮಿ ಆಗಿದೆ ಅಲ್ವಾ, ಒಳ್ಳೇದು," ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಂಡು ಹೋದರು. ವ್ಯಾಯಾಮ ಮುಂದುವರಿಯಿತು.

ಮೂರು ದಿನ ಕಳೆದು ಮಾಷ್ಟ್ರು ಬಂದಾಗ ಬಲಗೈ ಊದಿತ್ತು. ಅಂಗಿಯ ತೋಳಿಗೆ ಕೈ ಹಾಕಲೂ ಆಗದೆ ಶಾಲು ಹೊದ್ದು ಬಂದಿದ್ದರು. ಹೆಗಲಿನ ಕೀಲು ಸಡಿಲವಾಗಿ ಸ್ವಲ್ಪ ಜಾರಿತ್ತು. ಅದರ ಮೇಲೆ ಹಗ್ಗ ಎಳೆದದ್ದು ಕೆಟ್ಟದಾಯಿತು. ಅವರ ಹೆಂಡತಿ ಯಾರ ಮೇಲೂ ಕೂಗಾಡಲಿಲ್ಲ. ನನ್ನ ಎದುರು ನಿಂತು ಕಣ್ಣೊರೆಸಿಕೊಂಡು ಇಷ್ಟೇ ಅಂದರು: "ಅವತ್ತೇ ಹೇಳಿದ್ರಲ್ಲ ಮೇಡಂ, ಇತ್ತ್ ಅಂದೇಳಿ."

ನಮ್ಮ ಮಾತಿನಲ್ಲಿ ‘ಇತ್ತ್’ ಎಂದರೆ ಇದೆ. ಈಗ, ಈ ಕ್ಷಣ ಇದೆ. ಹಿಂದೆ ಇದ್ದದ್ದಕ್ಕೆ ‘ಇದ್ದಿತ್ತ್’ ಎನ್ನುತ್ತೇವೆ. ಕೋಲಾರದ ಹುಡುಗನಿಗೆ ಅದು ಗೊತ್ತಿರಬೇಕಿಲ್ಲ. ಆದರೆ ನಾನು ಎರಡಡಿ ದೂರದಲ್ಲಿ ಕುಳಿತಿದ್ದೆ. ನನ್ನ ಅಮ್ಮ ಫೋನಿನಲ್ಲಿ ‘ಮನಿಲಿ ಹಾಲ್ ಇತ್ತ್, ಮೊಸ್ರ್ ಇತ್ತ್’ ಎನ್ನುವುದನ್ನು ದಿನವೂ ಕೇಳುವವಳು. ಅವತ್ತು ಆ ಕೋಣೆಯಲ್ಲಿ ನನಗೆ ಕೇಳಿದ್ದು ಮೈಸೂರಿನ ‘ಇತ್ತು’. ಆರು ವಾರದಲ್ಲಿ ಯಾರೂ ಎತ್ತಿಕೊಡದೆ ಮಾಷ್ಟ್ರು ಹೇಳಿದ ಮೊದಲ ಕ್ರಿಯಾಪದ ಅದು. ಸರಿಯಾದ ಪ್ರಶ್ನೆಗೆ ಸರಿಯಾದ ಉತ್ತರ. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡಿರಲೂ ಇಲ್ಲ.

ಡಾಕ್ಟರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಬಹಳ ನೊಂದುಕೊಂಡರು. "ನಿಮಗೆ ಹೇಗೆ ಗೊತ್ತಾಯ್ತು ಮೇಡಂ?" ಎಂದು ಕೇಳಿದರು.

"ನಾನು ಬೈಂದೂರಿನವಳು," ಎಂದೆ. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಆ ಮಾತನ್ನು ಆ ಕಟ್ಟಡದಲ್ಲಿ ಆಡಿದ್ದು ಅದೇ ಮೊದಲು.

ವ್ಯಾಯಾಮ ನಿಲ್ಲಿಸಿ ಕೈಗೆ ಕುತ್ತಿಗೆಯಿಂದ ಬಟ್ಟೆಯ ಜೋಳಿಗೆ ಕಟ್ಟಿದರು. ಮುಂದಿನ ವಾರದ ಮೊದಲ ಪಾಠಕ್ಕೆ ಮಾಷ್ಟ್ರು ಬರಲಿಲ್ಲ. ಎರಡನೆಯದಕ್ಕೂ ಬರಲಿಲ್ಲ. ಹೆಂಡತಿ ಫೋನ್ ಮಾಡಿದರು: "ಇನ್ನ್ ಬತ್ತಿಲ್ಲ ಅಂಬ್ರ್ ಮೇಡಂ. ಕೈಸನ್ನೆ ಮಾಡಿ ತೋರ್ಸುದ್. ನೀವ್ ಬೇಜಾರ್ ಮಾಡ್ಕಣ್ಬೇಡಿ."

ಪಾರ್ಶ್ವವಾಯುವಾದ ಮೊದಲ ಕೆಲವು ತಿಂಗಳು ಬಹಳ ಬೆಲೆಯುಳ್ಳವು. ಮಾತು ಮರಳುವುದಿದ್ದರೆ ಆಗಲೇ ಹೆಚ್ಚು ಮರಳುವುದು. ಒಂದೊಂದು ವಾರ ಹೋದ ಹಾಗೆಲ್ಲ ಬಾಗಿಲು ಸ್ವಲ್ಪ ಸ್ವಲ್ಪ ಮುಚ್ಚುತ್ತದೆ. ನಾನು ಸ್ಕೂಟರ್ ತೆಗೆದುಕೊಂಡು ಬಸ್ರೂರಿಗೆ, ಅವರ ಮನೆಗೆ ಹೋದೆ.

ಮಾಷ್ಟ್ರು ಜಗುಲಿಯಲ್ಲಿ ಕುಳಿತಿದ್ದರು. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದರು. ಅಮ್ಮ (ಅವರ ಹೆಂಡತಿಯನ್ನು ಅವತ್ತಿನಿಂದ ಹಾಗೆಯೇ ಕರೆಯುತ್ತೇನೆ) "ಆಸ್ರಿಗೆ ಎಂತಾರೂ ತತ್ತೆ, ಕೂಕಣಿ" ಎಂದು ಕೂರಲು ಹೇಳಿ, ಬಾಯಾರಿಕೆಗೆ ಬೆಲ್ಲ ನೀರು ತರಲು ಒಳಗೆ ಹೋದರು. ಅಷ್ಟರಲ್ಲಿ ಮನೆಯ ಬೆಕ್ಕು ಅಡುಗೆಮನೆಯ ಕಿಟಕಿಗೆ ಹಾರಿತು. ಮಾಷ್ಟ್ರು ತಿರುಗಿಯೂ ನೋಡದೆ "ಹಾಲ್, ಹಾಲ್ ಇತ್ತ್" ಎಂದರು. ಸ್ಪಷ್ಟವಾಗಿ, ಮುಗ್ಗರಿಸದೆ. ಒಳಗಿನಿಂದ ಅಮ್ಮ "ಕಂಡೆ ಕಂಡೆ" ಎಂದು ಬೆಕ್ಕನ್ನು ಓಡಿಸಿದರು.

ಅಮ್ಮ ತಂದುಕೊಟ್ಟ ಬೆಲ್ಲ ನೀರು ಕುಡಿದು ಮುಗಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ. "ಇವರು ಹೀಗೆ ಮಾತಾಡ್ತಾರಾ?"

"ಗನಾ ಮಾಡಿರೆ ಇಲ್ಲ. ಗನಾ ಮಾಡ್ದೆ ಇದ್ರೆ ಒಂದೊಂದ್ ಬತ್ತ್," ಎಂದರು. ಲಕ್ಷ್ಯವಿಟ್ಟು ಮಾತಾಡಲು ಹೊರಟರೆ ಬರುವುದಿಲ್ಲ, ಲಕ್ಷ್ಯವಿಲ್ಲದಾಗ ಬರುತ್ತದೆ ಎಂದು ಅರ್ಥ.

ಒಂದು ವಾರ ಅಂಥ ಮಾತುಗಳನ್ನು ಒಂದೂ ಬಿಡದೆ ಬರೆದಿಡಲು ಅಮ್ಮನಿಗೆ ಹೇಳಿದೆ. ಏನು ಹೇಳಿದರು, ಯಾವಾಗ, ಏನಾಗುತ್ತಿತ್ತು ಎಂಬ ಮೂರು ವಿಷಯ. ಅವರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಟ್ಟರು. ಬಿಸಿ ನೀರು ಹೊಯ್ದಾಗ ‘ಸಾಕ್’. ತೊಳೆದ ಪಂಚೆ ಕೊಟ್ಟಾಗ ‘ಚಂಡಿ ಇತ್ತ್’, ಒದ್ದೆ ಇದೆ ಎಂದು. ಕಾಫಿ ಆರಿದ್ದಕ್ಕೆ ‘ಬ್ಯಾಡ’. ಕರೆಂಟು ಹೋದಾಗ ‘ಎಂತ ಆಯ್ತ್’. ಎಲ್ಲ ಸೇರಿ ಹದಿನಾಲ್ಕು. ಹದಿನಾಲ್ಕರಲ್ಲಿ ಒಂದೂ ಪುಸ್ತಕದ ಕನ್ನಡವಲ್ಲ.

ಎಲ್ಲ ರೋಗಿಗಳಲ್ಲೂ ಹೀಗಾಗುತ್ತದೆ ಎಂದು ನಾನು ಹೇಳಲಾರೆ. ಕೆಲವರಿಗೆ ಕಲಿತ ಭಾಷೆ ಮೊದಲು ಮರಳುತ್ತದೆ, ಕೆಲವರಿಗೆ ಎದೆಹಾಲಿನ ಜೊತೆ ಬಂದದ್ದು. ಮಾಷ್ಟ್ರಿಗೆ ಎರಡನೆಯದು ಬಾಗಿಲಲ್ಲೇ ಬಂದು ನಿಂತಿತ್ತು. ಅವರು ಅದನ್ನು ಒಳಗೆ ಬಿಡುತ್ತಿರಲಿಲ್ಲ. ನಾನೂ ಅವರ ಜೊತೆ ಸೇರಿ ಬಾಗಿಲು ಒತ್ತಿ ಹಿಡಿದಿದ್ದೆ.

ಮೈಸೂರಿನ ನನ್ನ ಪ್ರಾಧ್ಯಾಪಕಿಗೆ ಫೋನ್ ಮಾಡಿ, ಚಿಕಿತ್ಸೆಯನ್ನು ಪೂರ್ತಿ ಕುಂದಾಪ್ರ ಕನ್ನಡದಲ್ಲಿ ಮಾಡುತ್ತೇನೆ ಎಂದೆ. ಅವರು ಕೂಡಲೇ ಒಪ್ಪಲಿಲ್ಲ. "ಕಾರ್ಡು ಬದಲಾಯಿಸಿದರೆ ಹಿಂದಿನ ಅಂಕಕ್ಕೆ ಹೋಲಿಸುವುದು ಹೇಗೆ? ಸುಧಾರಿಸಿದ್ದು ರೋಗಿಯೋ, ಪರೀಕ್ಷೆ ಸುಲಭವಾದದ್ದೋ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕೊನೆಗೆ ಅವರೇ ದಾರಿ ಹೇಳಿದರು: ಹಳೆಯ ಮೂವತ್ತು ಕಾರ್ಡುಗಳನ್ನು ಅಳತೆಗೆಂದು ಹಾಗೆಯೇ ಇಟ್ಟುಕೊಳ್ಳುವುದು, ಪಾಠಕ್ಕೆ ಹೊಸ ಪಟ್ಟಿ ಮಾಡುವುದು. ಫೋನ್ ಇಡುವ ಮುಂಚೆ "ನಿನಗೆ ಆ ಮಾತು ಈಗಲೂ ಸರಾಗವಾಗಿ ಬರುತ್ತದೆಯೇನಮ್ಮ?" ಎಂದರು. ಬರುತ್ತದೆ ಎಂದೆ.

ಅವರ ಮನೆಯ ವಸ್ತುಗಳದ್ದೇ ಫೋಟೊ ತೆಗೆದು ಕಾರ್ಡು ಮಾಡಿಸಿದೆ. ಹಿಂದೆ ಕೊಚ್ಚೆಕ್ಕಿ (ಕುಚ್ಚಲಕ್ಕಿ) ಗಂಜಿ, ಬಾಲ್ದಿ, ಹಿಡ್ಸುಡಿ ಎಂದು ಮನೆಯ ಹೆಸರುಗಳನ್ನೇ ಬರೆದೆ. ಕ್ರಿಯಾಪದಕ್ಕೆ ಹೋಯ್ಕ್, ಬರ್ಕ್, ಉಣ್ಕ್. ಹೋಗಬೇಕು, ಬರಬೇಕು, ಉಣ್ಣಬೇಕು ಎಂಬ ಉದ್ದ ಪದಗಳು ನಮ್ಮಲ್ಲಿ ಇಷ್ಟೇ ಆಗುತ್ತವೆ. ಉಸಿರು ಕಡಿಮೆ ಇರುವ ನಾಲಗೆಗೆ ಇದಕ್ಕಿಂತ ಹಗುರವಾದದ್ದು ಎಲ್ಲಿದೆ ಎಂದು ನನ್ನಷ್ಟಕ್ಕೇ ಸಂತೋಷಪಟ್ಟುಕೊಂಡು ಮತ್ತೆ ಬಸ್ರೂರಿಗೆ ಹೋದೆ.

ಮಾಷ್ಟ್ರು ಮೊದಲ ಕಾರ್ಡನ್ನು ಕೈಗೆ ತೆಗೆದುಕೊಂಡರು. ಹಿಂದೆ ತಿರುಗಿಸಿ ‘ಹಿಡ್ಸುಡಿ’ ಎಂದು ಬರೆದದ್ದನ್ನು ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು, ಹಲ್ಲಿನಲ್ಲಿ ಮುಚ್ಚಳ ಎಳೆದು, ಅಭ್ಯಾಸವಿಲ್ಲದ ಎಡಗೈಯಲ್ಲಿ ಅದರ ಕೆಳಗೆ ಬರೆದರು: ತಪ್ಪು. ಒತ್ತಕ್ಷರ ಕೆಳಗೆ ಜಾರಿತ್ತು. ಆದರೂ ಅದು ಸಾವಿರಾರು ಉತ್ತರ ಪತ್ರಿಕೆಗಳ ಮೇಲೆ ಬರೆದ ಪದ, ಕೈ ಬದಲಾದರೂ ಮರೆತಿರಲಿಲ್ಲ. ಎರಡನೆಯ ಕಾರ್ಡಿಗೂ ಅದನ್ನೇ ಬರೆದರು. ಮೂರನೆಯದಕ್ಕೆ ಬರೆಯುವ ಮುಂಚೆ ಕಾರ್ಡುಗಳನ್ನೆಲ್ಲ ನನ್ನ ಕಡೆಗೆ ದೂಡಿದರು.

ನನ್ನ ಹತ್ತಿರ ಬೇರೆ ಉಪಾಯವಿರಲಿಲ್ಲ. ಕಾರ್ಡುಗಳನ್ನು ಬದಿಗಿಟ್ಟು, ನಮ್ಮ ಊರಿನ ಮಾತಿನಲ್ಲಿ ನನ್ನ ಕಥೆ ಹೇಳತೊಡಗಿದೆ. ಮೈಸೂರಿನ ತರಗತಿ, ಎಂತ ಕಾಂತ್, ಹಾಸ್ಟೆಲ್ ಹುಡುಗಿಯರು ಇಟ್ಟ ಹೆಸರು. ನನ್ನ ಹೆತ್ತಮ್ಮನ ಹತ್ತಿರ ಫೋನಿನಲ್ಲಿ ಆಡುವ ಮಾತನ್ನು ರೋಗಿಯ ಎದುರು ಆಡಿದ್ದು ಅದೇ ಮೊದಲು. ನಾಲಗೆ ನಡುನಡುವೆ ಮೈಸೂರಿಗೆ ಓಡುತ್ತಿತ್ತು.

"ದಿನಾ ಸಂಜಿಗ್ ಮನಿಗ್ ಹೋಗ್ಬೇಕ್ ಅಂದೇಳಿ ಕಾಂತಿತ್ತ್ ಮಾಷ್ಟ್ರೆ," ಎಂದೆ.

ಮಾಷ್ಟ್ರು ತೋರುಬೆರಳು ಎತ್ತಿದರು. ತರಗತಿಯಲ್ಲಿ ಎತ್ತುವ ಹಾಗೆ. "ತಪ್ಪ್," ಎಂದರು. ನನಗೆ ಅರ್ಥವಾಗಲಿಲ್ಲ. ಅವರು ತಲೆ ಆಡಿಸಿ, ತುಟಿ ಒಟ್ಟುಮಾಡಿ, ಮತ್ತೆ ಬಿಟ್ಟು ಹೇಳಿದರು: "ಹೋ... ಹೋಯ್ಕ್."

‘ಹೋಗ್ಬೇಕ್’ ಎಂಬುದು ನಮ್ಮ ಮಾತಲ್ಲ. ನಾನು ಎರಡನ್ನೂ ಕಲಸಿದ್ದೆ. ಅವರ ಕಿವಿ ಅದನ್ನು ಹಿಡಿದಿತ್ತು.

"ಮನಿಗ್ ಹೋಯ್ಕ್," ಎಂದೆ ನಾನು, ವಿದ್ಯಾರ್ಥಿನಿಯ ಹಾಗೆ. ಅವರು ಸರಿ ಎಂದು ತಲೆಯಾಡಿಸಿದರು. ಆಮೇಲಷ್ಟೇ ತಾನು ಏನು ಹೇಳಿದೆ ಎಂಬುದು ಅವರಿಗೇ ಕೇಳಿಸಿತೇನೋ. ಕಿವಿ ಕೆಂಪಾಯಿತು. ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದರು.

ಮಾಡಬೇಕಾದದ್ದು ಏನೆಂದು ನನಗೆ ಅಲ್ಲೇ ಹೊಳೆಯಿತು. ಅವರು ಕಲಿಯಲು ಒಪ್ಪುವವರಲ್ಲ, ತಿದ್ದಲು ಒಪ್ಪುವವರು. ಅವತ್ತಿನಿಂದ ಪಾಠ ಅವರ ಮನೆಯಲ್ಲೇ, ಪ್ರತಿ ಸಲ ಹತ್ತು ತಪ್ಪುಗಳನ್ನು ತಯಾರು ಮಾಡಿಕೊಂಡು ಹೋಗತೊಡಗಿದೆ. ಮೊದಲು ಒಂದೇ ಪದದ ತಪ್ಪು. ‘ಪಂಚೆ ಒದ್ದೆ ಇತ್ತ್’ ಎಂದರೆ ಅವರು "ಚಂಡಿ" ಎನ್ನಬೇಕು. ‘ಸ್ನಾನ ಮಾಡುಕೆ ಹೋಯ್ಕ್’ ಎಂದರೆ "ಮೀವುಕೆ". ನಾಲ್ಕು ಸೆಕೆಂಡು ಕಾಯುವುದು, ಬಾರದಿದ್ದರೆ ಮೊದಲ ಅಕ್ಷರ ಎತ್ತಿಕೊಡುವುದು, ಬಂದ ಪದವನ್ನು ನಾನು ಮೂರು ಸಲ ಹೇಳಿ ಅವರಿಂದ ‘ಸರಿ’ ಪಡೆಯುವುದು. ಮೂರನೆಯ ವಾರದಿಂದ ವಾಕ್ಯದ ತಪ್ಪು. ನಿಜ ಹೇಳಬೇಕೆಂದರೆ ಹತ್ತರಲ್ಲಿ ಎರಡೋ ಮೂರೋ ತಪ್ಪು ನಾನು ಬೇಕೆಂದು ಮಾಡಿದವಲ್ಲ. ಪ್ರಾಧ್ಯಾಪಕಿಗೆ ‘ಬರುತ್ತದೆ’ ಎಂದಿದ್ದೆನಲ್ಲ, ಅಷ್ಟೇನೂ ಬರುತ್ತಿರಲಿಲ್ಲ. ‘ಊಟ ಮಾಡುಕೆ’ ಎಂದಾಗ ಮಾಷ್ಟ್ರು "ಉಂಬುಕೆ" ಎಂದು ತಿದ್ದಿದರು. ನಾನು ನನ್ನ ಅಜ್ಜಿಯ ಬಾಯಲ್ಲಿ ಕೇಳಿ ಮರೆತಿದ್ದ ಪದ ಅದು.

ಆರು ವಾರ ಕಳೆದು ಹಳೆಯ ಮೂವತ್ತು ಕಾರ್ಡುಗಳನ್ನು ತೋರಿಸಿದೆ. ಐದಿದ್ದದ್ದು ಏಳಾಗಿತ್ತು. ಹೊಸ ಪಟ್ಟಿಯಲ್ಲಿ ಮೂವತ್ತಕ್ಕೆ ಹತ್ತೊಂಬತ್ತು. ಪ್ರಾಧ್ಯಾಪಕಿಗೆ ಎರಡನ್ನೂ ಹೇಳಿದೆ. "ಏಳನ್ನೂ ಮುಚ್ಚಿಡಬೇಡ, ಹತ್ತೊಂಬತ್ತನ್ನೂ ಮುಚ್ಚಿಡಬೇಡ. ಮುಂದುವರಿಸು," ಎಂದರು.

ಅದರ ಮರುವಾರ ಎಲ್ಲ ನಿಂತುಹೋಯಿತು. ಮಾಷ್ಟ್ರ ಜೊತೆ ಕೆಲಸ ಮಾಡಿದ್ದ ಒಬ್ಬ ಹಳೆಯ ಅಧ್ಯಾಪಕರು ನ್ಯಾಷನಲ್ ಹೈವೇ ಪಕ್ಕದ ಕೋಟೇಶ್ವರದಿಂದ ನೋಡಲು ಬಂದಿದ್ದರಂತೆ. ಮಾಷ್ಟ್ರು ಅವರನ್ನು ಕಂಡ ಖುಷಿಯಲ್ಲಿ "ಹ್ವಾಯ್, ಬನಿ" ಎಂದು ಕರೆದರಂತೆ. ಬಂದವರು ಪಾಪ, ಮರುಗಿಯೇ ಹೇಳಿದ್ದು: "ಎಂಥ ಶುದ್ಧ ಕನ್ನಡ ಇದ್ದಿತ್ತ್ ಮಾಷ್ಟ್ರದ್, ಎಲ್ಲ ಹೋಯ್ತಲೆ." ಅವರು ಹೋದ ಮೇಲೆ ಮಾಷ್ಟ್ರು ಹಾಸಿಗೆ ಸೇರಿದವರು ನಾಲ್ಕು ದಿನ ಬಾಯಿ ತೆರೆಯಲಿಲ್ಲ. ನಾನು ಎಷ್ಟು ತಪ್ಪು ಮಾಡಿದರೂ ಬೆರಳು ಎತ್ತಲಿಲ್ಲ.

ಐದನೆಯ ದಿನ ನಾನಿರುವಾಗಲೇ ಅಮ್ಮ ಹಾಸಿಗೆಯ ಹತ್ತಿರ ಬಂದು ಕುಳಿತರು. ಅವರ ಕೈಯಲ್ಲಿ ಔಷಧಿಯ ಲೋಟವಿತ್ತು.

"ಇಲ್ ಕಾಣಿ," ಎಂದರು ಗಂಡನಿಗೆ. "ನಿಮ್ಮ ಶುದ್ಧ ಕನ್ನಡ ಊರಿಗೆಲ್ಲ ಬೇಕಾಯ್ತ್. ನಂಗ್ ಅದ್ರಲ್ ಎಂತದೂ ಸಿಕ್ಲಿಲ್ಲ. ಈಗ ಎರ್ಡ್ ತಿಂಗ್ಳಿಂದ ನೀವ್ ಸಾಕ್ ಅಂಬ್ರಿ, ಬ್ಯಾಡ ಅಂಬ್ರಿ, ಚಂಡಿ ಇತ್ತ್ ಅಂಬ್ರಿ. ನನ್ ಹತ್ರ ಮಾತಾಡ್ದಂಗೆ ಆತ್ ನಂಗೆ. ಅದ್ನೂ ನಿಲ್ಸ್ಬೇಡಿ."

ಮಾಷ್ಟ್ರು ಲೋಟ ಇಸಿದುಕೊಂಡು ಔಷಧಿ ಕುಡಿದರು. ಖಾಲಿ ಲೋಟ ವಾಪಸು ಕೊಡುವಾಗ "ಕಹಿ ಇತ್ತ್," ಎಂದರು. ನಾನು ಹೊರಗೆ ಜಗುಲಿಗೆ ಬಂದು ನಿಂತೆ. ಅವತ್ತು ಅಲ್ಲಿ ನನಗೆ ಕೆಲಸವಿರಲಿಲ್ಲ.

ಆಮೇಲಿನದು ನಿಧಾನವಾದರೂ ನಿಲ್ಲದ ಪ್ರಗತಿ. ಎರಡು ಪದ ಮೂರಾದವು. ಹಠ ಬಂದರೆ ನಾಲ್ಕು. ಮಾಷ್ಟ್ರು ತಪಾಸಣೆಗೆ ಆಸ್ಪತ್ರೆಗೆ ಬಂದ ದಿನ ಡ್ಯೂಟಿ ಡಾಕ್ಟರು ಅವರನ್ನು ಹಿಡಿದು ನಿಲ್ಲಿಸಿಕೊಂಡು ಹೊಸ ಪದ ಕೇಳಿ ಬರೆದುಕೊಳ್ಳುತ್ತಿದ್ದರು. ಅವರು ಕೋಲಾರದ ರಾಗದಲ್ಲಿ ‘ಎಂತ ಆಯ್ತ್ ಸರ್’ ಎಂದಾಗ ಮಾಷ್ಟ್ರು ಮೊದಲು ನಕ್ಕು, ಆಮೇಲೆ ತಿದ್ದುತ್ತಿದ್ದರು. ನಾನು ಯಾವಾಗಿನಿಂದ ಎಲ್ಲ ರೋಗಿಗಳ ಹತ್ತಿರವೂ ಊರಿನ ಮಾತಾಡತೊಡಗಿದೆ ಎಂಬುದು ನನಗೇ ನೆನಪಿಲ್ಲ. ಬೇರೆ ಕಡೆಯವರು ಬಂದರೆ ಅವರಿಗೆ ತಿಳಿಯುವ ಹಾಗೆ ಮಾತಾಡುತ್ತೇನೆ. ಎರಡೂ ನನ್ನದೇ.

ಐದನೆಯ ತಿಂಗಳಿನಲ್ಲಿ ಮಾಷ್ಟ್ರ ಅಕ್ಕ ಮುಂಬೈಯಿಂದ ಬಂದರು. ಮದುವೆಯಾಗಿ ಹೋದ ಮೇಲೆ ನಲವತ್ತೈದು ವರ್ಷ ಅಲ್ಲೇ ಇದ್ದವರು, ಮಂಡಿ ನೋವಿನಿಂದ ಪ್ರಯಾಣ ಮಾಡಲಾಗದೆ ತಡವಾಗಿತ್ತು. ನಾನು ಪಾಠಕ್ಕೆಂದು ಹೋದಾಗ ಜಗುಲಿಯ ಬೆಂಚಿನ ಮೇಲೆ ತಮ್ಮನ ಪಕ್ಕದಲ್ಲಿ ಕುಳಿತಿದ್ದರು. ಅವರ ಕುಂದಾಪ್ರ ಕನ್ನಡ ಊರು ಬಿಟ್ಟ ದಿನ ಹೇಗಿತ್ತೋ ಹಾಗೆಯೇ ಇತ್ತು, ನಡುವೆ ಅಲ್ಲಲ್ಲಿ ಒಂದು ‘ಜಲ್ದಿ’, ಒಂದು ‘ಖಾಲಿಪೀಲಿ’. ಮಾಷ್ಟ್ರಿಗೆ ಅದು ತಮಾಷೆ. "ಜಲ್ದಿ... ಅಲ್ಲ. ಬೇಗ," ಎಂದು ತಿದ್ದುತ್ತಿದ್ದರು. ಅಕ್ಕ ಅವರ ಬೆನ್ನಿಗೆ ಗುದ್ದುತ್ತಿದ್ದರು.

ನನ್ನನ್ನೂ ಕೂರಿಸಿಕೊಂಡು ಮಾತಾಡುತ್ತ ಅಕ್ಕ ಒಮ್ಮೆಲೇ ತಮ್ಮನ ಕಡೆ ತಿರುಗಿದರು.

"ಮಾಣಿ, ಒಂದ್ ಹೇಳ್. ಟ್ರೈನಿಂಗ್ ಮುಗ್ಸಿ ಆ ಘಟ್ಟದ್ ಮೇಲಿನ್ ಶಾಲಿಗ್ ಹೋದ್ಯಲ್ದಾ. ಅಲ್ಲಿಂದ ಬಂದ್ ಮೇಲೆ ನಿನ್ ಮಾತೇ ಬೇರೆ ಆಯ್ತ್. ಎಂತಕ್ಕೆ? ನಾನ್ ಯಾವತ್ತೂ ಕೇಣ್ಲಿಲ್ಲ."

ಮಾಷ್ಟ್ರ ತುಟಿ ಅಲುಗಿತು. ಹುಡುಕುತ್ತಿದ್ದಾರೆಂದು ಗೊತ್ತಾಯಿತು. ಮೊದಲ ಅಕ್ಷರ ಎತ್ತಿಕೊಡೋಣವೆಂದರೆ ಯಾವ ಪದವೆಂದು ನನಗೂ ತಿಳಿದಿರಲಿಲ್ಲ. ನಾಲ್ಕು ಸೆಕೆಂಡು ದಾಟಿತು. ಹತ್ತೂ ದಾಟಿತು. ನಾನು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ.

"ನೆಗಿ..." ಎಂದರು. "ನೆಗಿ ಮಾಡ್ರ್."

ನಗಾಡಿದರು ಎಂದು ಅರ್ಥ.

"ಯಾರ್?"

"ಮಕ್ಳ್." ಉಸಿರು ತೆಗೆದುಕೊಂಡರು. "ನಾ... ಬಾಯ್ ಬಿಟ್ರೆ... ನೆಗಿ."

ಬಾಗಿಲಲ್ಲಿ ಅಮ್ಮ ನಿಂತಿದ್ದರು. ಅವರಿಗೂ ಇದು ಗೊತ್ತಿರಲಿಲ್ಲವೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಇಪ್ಪತ್ತೆರಡು ವರ್ಷದ ಹೊಸ ಮಾಷ್ಟ್ರು, ಗೊತ್ತಿಲ್ಲದ ಊರು, ಎದುರಿಗೆ ನಗುವ ಒಂದು ತರಗತಿ. ನಾನು ಅದನ್ನು ಊಹಿಸಿಕೊಳ್ಳಲು ಕಷ್ಟಪಡಬೇಕಿರಲಿಲ್ಲ.

ಅಕ್ಕ ತಮ್ಮನ ಊತ ಇಳಿದ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಸವರಿದರು.

"ಅಷ್ಟಕ್ಕೆ ನಲ್ವತ್ ವರ್ಷ ನನ್ನೊಟ್ಟಿಗೆ ರೇಡಿಯೋದಂಗೆ ಮಾತಾಡ್ದ್ಯಾ?" ಎಂದರು. ಬೈದ ಹಾಗಿರಲಿಲ್ಲ. "ಮುಂಬೈಲಿ ನಂಗ್ ನಮ್ಮ ಮಾತ್ ಕೇಂಬುಕೆ ಸಿಕ್ಕುದ್ ನಿಂಗ್ ಫೋನ್ ಮಾಡಿರೆ ಮಾತ್ರ ಮಾರಾಯ. ನೀ ಎತ್ತಿದ್ ಕೂಡ್ಲೇ ‘ನಮಸ್ಕಾರ, ಹೇಗಿದ್ದೀರಿ’ ಅಂಬೆ. ಇಟ್ಟ್ ಮೇಲೆ ನಾನ್ ಅಡ್ಗಿಮನಿಲ್ ಕೂಕಂಡ್ ಮರ್ಕಿದ್ದ್ ಇತ್ತ್."

ಮರ್ಕುವುದು ಎಂದರೆ ಅಳುವುದು.

ಮಾಷ್ಟ್ರು ಪೂರ್ತಿ ಅಕ್ಕನ ಕಡೆ ತಿರುಗಿದರು. ಈಗ ಜೋಳಿಗೆಯಿಲ್ಲದ ಬಲ ಹೆಗಲು ಸ್ವಲ್ಪ ಎತ್ತಿ, ಎಡಗೈಯಿಂದ ಬೆಂಚಿನ ಮೇಲೆ ಮೆಲ್ಲಗೆ ತಾಳ ಹಾಕುತ್ತ, ಒಂದೊಂದೇ ಪದ ಇಟ್ಟರು.

"ಹ್ಯಾಂಗ್... ಇದ್ದೆ... ಅಕ್ಕ?"

ಅಕ್ಕ ಹಿಡಿದ ಕೈಯನ್ನು ಬಿಡದೆ ಇನ್ನಷ್ಟು ಹತ್ತಿರ ಸರಿದು ಕುಳಿತರು.

"ಅಡ್ಡಿಲ್ಲ ಮಾಣಿ," ಎಂದರು. ಆಮೇಲೆ ಮಂಡಿ ನೋವಿನಿಂದ ಶುರು ಮಾಡಿದರು. ಲಿಫ್ಟ್ ಕೆಟ್ಟು ಮೂರು ಮಹಡಿ ಹತ್ತಿದ್ದು, ಪಕ್ಕದ ಮನೆಯ ಮರಾಠಿ ಹೆಂಗಸು ಕೊಟ್ಟ ಎಣ್ಣೆ, ಊರಿನ ಹಲಸಿನಕಾಯಿ ಹಪ್ಪಳ ಅಲ್ಲಿ ಸಿಗದಿರುವುದು ಎಲ್ಲ ಹೇಳುತ್ತ ಹೋದರು. ಮಾಷ್ಟ್ರು ಒಂದು ಪದವನ್ನೂ ತಿದ್ದದೆ ಕೇಳುತ್ತಿದ್ದರು. ಅಮ್ಮ ಬಂದು ಹೊಸಿಲ ಮೇಲೆ ಕುಳಿತರು.

ನಾನು ಕಾರ್ಡುಗಳನ್ನು ಚೀಲಕ್ಕೆ ಹಾಕಿಕೊಂಡೆ. ಅವತ್ತು ಪಾಠ ಆಗಲಿಲ್ಲ.